ಬಾನೆಟ್ಟಿನ ಮೇಲೆ ಮೂರು ಬೆರಳು

ಬಣ್ಣ ತೆಗೆದ ತಗಡನ್ನು ಬರಿಗೈಯಲ್ಲಿ ಮುಟ್ಟಬಾರದು. ನಮ್ಮತ್ತೆಯ ಕಾಲದಲ್ಲಿ ಅಡುಗೆಮನೆಯಲ್ಲಿದ್ದ ಮಡಿ ನನ್ನ ಕಾಲಕ್ಕೆ ಕಾರಿನ ಶೆಡ್ಡಿಗೆ ವರ್ಗವಾಗಿತ್ತು. "ಏಯ್, ಕೈ ತೆಗಿ. ನಿನ್ನ ಬೆವರಿನ ಉಪ್ಪಿಗೆ ನಾಳೆ ಬೆಳಗ್ಗೆ ತುಕ್ಕು ಬಂದಿರತ್ತೆ ಕಣೇ," ಎಂದು ನಮ್ಮ ಯಜಮಾನರು ಹರಿಹಾಯುತ್ತಿದ್ದರು. ನಾನೇನು ಬಾಯಿ ಸತ್ತವಳೇ? "ಮುಟ್ಟಿದ್ರೆ ಮೈಲಿಗೆ ಆಗಕ್ಕೆ ಇದೇನು ನಿಮ್ಮಮ್ಮನ ಉಪ್ಪಿನಕಾಯಿ ಜಾಡೀನೇನ್ರೀ?" ಅನ್ನುತ್ತಿದ್ದೆ. ಅಂದರೂ ಕೈಗವಸು ಹಾಕಿಕೊಳ್ಳುತ್ತಿದ್ದೆ.

ಅದು ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು. ಒಳಗೆ ಕೂತರೆ ನೆಲದ ಮೇಲೆ ಕಾಲು ಚಾಚಿ ಕೂತ ಹಾಗೆ. ದೀಪಗಳು ಒಳಗೆ ಅಡಗಿರುತ್ತವೆ, ಗುಂಡಿ ಒತ್ತಿದರೆ ಕಣ್ಣು ಬಿಟ್ಟ ಹಾಗೆ ಮೇಲೇಳುತ್ತವೆ. ಯಾರೋ ವಿದೇಶದಿಂದ ತಂದು, ಆಸೆ ತೀರಿದ ಮೇಲೆ ಮಂಡಕಳ್ಳಿ ಕಡೆಯ ಒಂದು ತೋಟದಲ್ಲಿ ಕೋಳಿಗಳಿಗೆ ಬಿಟ್ಟುಕೊಟ್ಟಿದ್ದರು. ಮೇಟಗಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದ ವರ್ಷ ಇವರು ಅದನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಮನೆಗೆ ಸವತಿ ಬಂದಳು ಅಂದೆ. "ಹಂಗಾದ್ರೆ ಆರತಿ ಎತ್ತು" ಅಂದರು. ಎತ್ತಿದೆ. ಆಮೇಲೆ ನೋಡಿದರೆ ಅವರಿಗಿಂತ ನನಗೇ ಹುಚ್ಚು ಜಾಸ್ತಿಯಾಗಿತ್ತು. ಕಾರ್ಬುರೇಟರ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದನ್ನು ಅವರ ಪಕ್ಕದಲ್ಲೇ ಕೂತು ಕಲಿತೆ. ತುಕ್ಕನ್ನು ಬುಡಸಮೇತ ಕೀಳದೆ ಬಣ್ಣ ಹೊಡೆಯುವುದು ಹೆಣಕ್ಕೆ ಸಿಂಗಾರ ಮಾಡಿದ ಹಾಗೆ ಅನ್ನುವುದು ಅವರು ನನಗೆ ಕಲಿಸಿದ ಮೊದಲ ಪಾಠ.

ಬಾನೆಟ್ಟಿನ ಹಳೆಯ ಬಣ್ಣವನ್ನೆಲ್ಲ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ತಗಡು ಫಳಫಳ ಹೊಳೆಯುವ ಹೊತ್ತಿಗೆ ಆಯುಧಪೂಜೆ ಬಂತು. ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್ ಹೊಡೆಯುವುದು ಇನ್ನೂ ಬಾಕಿ. "ಹೂವಿಟ್ಟು ಕೈ ಮುಗೀರಿ ಸಾಕು, ತಗಡು ಬರಿದಾಗಿದೆ" ಅಂದೆ. ಬೀದಿಯಲ್ಲಿ ಮಕ್ಕಳ ಸೈಕಲ್ಲಿಗೂ ಚೆಂಡುಹೂವಿನ ಹಾರ ಬಿದ್ದಿತ್ತು. ಇವರ ಜೀವ ಕೇಳಬೇಕಲ್ಲ. ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳು ಅದ್ದಿ, ಬರಿ ತಗಡಿನ ಮೇಲೆ ಎಳೆದೇಬಿಟ್ಟರು. ಎಂಜಿನ್ನಿಗೆ ಇನ್ನೂ ಜೀವ ಬಂದಿರಲಿಲ್ಲ. ಇಬ್ಬರೂ ಹಿಂದಿನಿಂದ ತಳ್ಳಿ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದೆವು. ಸಂಜೆ ನಾನು ಒರೆಸಲು ಬಟ್ಟೆ ತಂದರೆ ಕೈ ಹಿಡಿದರು. ಪೂಜೆಯ ಗುರುತನ್ನು ಒರೆಸಬಾರದಂತೆ, ಅದು ತಾನಾಗಿಯೇ ಹೋಗಬೇಕಂತೆ. ನನ್ನ ಬೆವರಿಗೆ ಇಲ್ಲದ ರಿಯಾಯಿತಿ ಅವರ ದೇವರಿಗೆ ಇತ್ತು.

ತಾವಾಗಿ ಹೋದವರು ಇವರು. ದೀಪಾವಳಿಗೆ ಮುಂಚೆಯೇ, ಸ್ನಾನ ಮುಗಿಸಿ ಬಂದವರು ಟವೆಲ್ ಹಿಡಿದುಕೊಂಡೇ ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಶೆಡ್ಡಿಗೆ ಹೋಗಿ ಟಾರ್ಪಾಲು ಎತ್ತಿದೆ. ವಿಭೂತಿ ಉದುರಿಹೋಗಿತ್ತು. ಅದು ಇದ್ದ ಜಾಗದಲ್ಲೆಲ್ಲ ತುಕ್ಕು. ಮೂರು ಕೆಂಪು ಗೆರೆ. ಬೆರಳು ಊರಿದ ಕಡೆ ಗಾಢ, ಎತ್ತಿದ ಕಡೆ ತೆಳು. ಪ್ರಾಯದಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಅವರ ನಡುಬೆರಳು ಮೊಂಡಾಗಿತ್ತು. ನಡುವಿನ ಗೆರೆ ಮಿಕ್ಕ ಎರಡಕ್ಕಿಂತ ಗಿಡ್ಡವಾಗಿತ್ತು. ನಾನು ಕೈಗವಸು ಕಿತ್ತುಹಾಕಿ ಅದರ ಮೇಲೆ ನನ್ನ ಬೆರಳಿಟ್ಟು ಅತ್ತೆ.

ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಅಲ್ಲೇ ಹೋಗಿ ನಿಲ್ಲುವುದು ಅಭ್ಯಾಸವಾಯಿತು. ಗೆರೆಗಳು ಅಗಲವಾಗುತ್ತಿದ್ದುದು ಕಾಣುತ್ತಿತ್ತು. ಕೊನೆಗೆ ಲಷ್ಕರ್ ಮೊಹಲ್ಲಾದ ಟಿಂಕರ್ ಕೆಲಸದವನನ್ನು ಕರೆಸಿದೆ. "ಇದ್ಯಾಕ್ ಅಮ್ಮಾವ್ರೆ ಇಂಗೇ ಬುಟ್ಟಿದೀರ? ತಗಡ್ನೇ ತಿಂದಾಕ್ಬುಡ್ತದೆ" ಅಂದ. ಹೆಚ್ಚು ಉಜ್ಜಬೇಡ, ಮೇಲೆ ಮೇಲೆ ಸವರು ಅಂದೆ. ಹಾಗೇ ಸವರಿ ಬೂದುಬಣ್ಣದ ಪ್ರೈಮರ್ ಹೊಡೆದು ಹೋದ.

ಮಳೆಗಾಲ ಬಂತು. ಒಂದು ಬೆಳಗ್ಗೆ ಬೂದುಬಣ್ಣದ ಒಳಗಿನಿಂದ ಹಳದಿ ನೆರಳೊಂದು ಕಂಡಿತು. ವಾರ ಕಳೆಯುವಷ್ಟರಲ್ಲಿ ಮೂರೂ ಗೆರೆ ಎದ್ದು ಬಂದಿದ್ದವು, ನಡುವಿನದು ಗಿಡ್ಡ. ಭಯವಾಯಿತು ಅಂದರೆ ಸುಳ್ಳಾಗುತ್ತದೆ. ಖುಷಿಗೆ ಒಳಗೆ ಓಡಿಹೋಗಿ ಇನ್ನೊಂದು ಲೋಟ ಕಾಫಿ ತಂದೆ. ಭಯಬಿದ್ದವನು ಟಿಂಕರ್ ಕೆಲಸದವನು. ಚಪ್ಪಲಿ ಬಿಟ್ಟು ಕೈ ಮುಗಿದ. "ಯಜಮಾನ್ರಿಗೆ ಏನೋ ಆಸೆ ಉಳ್ಕಂಡದೆ ಕಣಮ್ಮ, ಶಾಂತಿ ಮಾಡ್ಸಿ" ಅಂದ. ಬೇರು ಉಳಿದ ತುಕ್ಕು ಬಣ್ಣ ಸೀಳಿಕೊಂಡು ಬರುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಕಾರಣ ಗೊತ್ತಿದ್ದ ಮಾತ್ರಕ್ಕೆ, ಬಂದವರನ್ನು ಬಂದಿಲ್ಲ ಅನ್ನಲಾಗುತ್ತದೆಯೇ? ಮತ್ತೊಮ್ಮೆ ಮೇಲೆ ಮೇಲೆ ಸವರಿಸಿದೆ. ಮತ್ತೊಮ್ಮೆ ಬಂದರು.

ಆಮೇಲೊಂದು ದಿನ ಎಂಜಿನ್ ಎಣ್ಣೆ ನೋಡಲು ಬಾನೆಟ್ ಎತ್ತಿದೆ. ಬಿಸಿಲು ಅದರ ಬೆನ್ನಿಗಿತ್ತು. ಗೆರೆಗಳ ಉದ್ದಕ್ಕೂ ಸೂಜಿಮೊನೆಯಷ್ಟು ಬೆಳಕು ತೂರಿ ಬರುತ್ತಿತ್ತು. ತುಕ್ಕು ತಗಡಿನ ಆಚೆ ಬದಿ ಮುಟ್ಟಿಬಿಟ್ಟಿತ್ತು. ಹೀಗೇ ಬಿಟ್ಟರೆ ಬಾನೆಟ್ ಉಳಿಯುವುದಿಲ್ಲ, ಬೇರೆಯದು ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಅವರು ಕೊನೆಗಾಲದಲ್ಲಿ ಜೀವ ತೇಯ್ದದ್ದು ಆ ಕಾರಿಗೆ. ಅದನ್ನು ತಿನ್ನುತ್ತಿದ್ದದ್ದೂ ಅವರದೇ ಬೆರಳು.

"ಪುಟ್ಟಿ ಮೆತ್ತಿ ಬಣ್ಣ ಒಡ್ದುಬುಡಾನ ಬುಡಿ, ಒಳಗಡೆ ಏನಾರ ಇರ್ಲಿ" ಅಂದ ಟಿಂಕರ್ ಕೆಲಸದವನು. ನನಗೆ ಆಸೆಯಾಯಿತು. ಒಳಗೆ ಇದ್ದರೆ ಮತ್ತೆ ಬರಬಹುದಲ್ಲ. ಆದರೆ ಹೆಣಕ್ಕೆ ಸಿಂಗಾರ ಅನ್ನುವ ಮಾತು ಕಿವಿಯಲ್ಲೇ ಇತ್ತು, ಅದೂ ಅವರ ದನಿಯಲ್ಲೇ. ಅವನ ಕೈಯಿಂದ ಗ್ರೈಂಡರ್ ಇಸಕೊಂಡು ನಾನೇ ನಿಂತೆ. ಕೆಂಪು ಧೂಳು ಎದ್ದು ಮುಖಕ್ಕೆ, ಕೂದಲಿಗೆ, ಬಾಯಿಗೆ ಬಂತು. ಉಗಿಯಲು ಮನಸ್ಸಾಗಲಿಲ್ಲ. ಬಿಳಿ ತಗಡು ಕಾಣುವವರೆಗೂ ಉಜ್ಜಿದೆ. ಅವನು ಬೆಸುಗೆ ಹಾಕಿ ತೂತು ಮುಚ್ಚಿದ. ಕೈಗವಸಿನಲ್ಲೇ ಒರೆಸಿ, ಅದೇ ದಿನ ಪ್ರೈಮರ್ ಹೊಡೆಸಿದೆ.

ಆಮೇಲೆ ಮೈಗೆ ಬಣ್ಣ ಬಂತು, ಎಂಜಿನ್ನಿಗೂ ಜೀವ ಬಂತು. ಈಗ ಕಾರು ಓಡುತ್ತದೆ. ಭಾನುವಾರ ನಾನೇ ಮಂಡಕಳ್ಳಿಯವರೆಗೆ ಓಡಿಸಿಕೊಂಡು ಹೋಗಿ ಬರುತ್ತೇನೆ. ಸಿಗ್ನಲ್ಲಿನಲ್ಲಿ ಹುಡುಗರು ಫೋಟೋ ತೆಗೆಯುತ್ತಾರೆ. ಈ ಸಲದ ಆಯುಧಪೂಜೆಗೆ ವಿಭೂತಿಯನ್ನು ನೀರಲ್ಲಿ ಕಲಸಿ ಅದೇ ಜಾಗದಲ್ಲಿ ಎಳೆದೆ, ಒರೆಸದೆ ಬಿಟ್ಟೆ. ಒಣಗಿ ಉದುರಿತು. ಕೆಳಗೆ ಬಣ್ಣ ಹೊಳೆಯುತ್ತಿತ್ತು.

ಬೆಳಗ್ಗೆ ಕಾಫಿ ಹಿಡಿದು ಈಗಲೂ ಹೋಗುತ್ತೇನೆ. ಟಾರ್ಪಾಲು ಎತ್ತಿ, ಬಗ್ಗಿ, ಓರೆಯಾಗಿ ನೋಡುತ್ತೇನೆ. ಬಂದಿರುವುದಿಲ್ಲ. ಇನ್ನು ಬರುವುದೂ ಇಲ್ಲ. ಅವರು ಕಲಿಸಿದ ಕೆಲಸವನ್ನು ಅವರು ಕಲಿಸಿದಷ್ಟೇ ಚೆನ್ನಾಗಿ ಮಾಡಿಬಿಟ್ಟಿದ್ದೇನೆ.