ಸಂಬಳಕ್ಕೆ ಜೋಡಿ ಹುಡುಕುವ ಪರಮೇಶ್ವರಪ್ಪ

ಚಿಕ್ಕಮಗಳೂರಿನ ನಮ್ಮ ಕಾಫಿ ಕಂಪನಿಯ ಪರಮೇಶ್ವರಪ್ಪನವರಿಗೆ ಎದುರು ಬಂದವರೆಲ್ಲ ಮೊದಲು ಹುದ್ದೆ, ಆಮೇಲೆ ಮನುಷ್ಯರು. ನಮ್ಮಲ್ಲಿನ ಪ್ರತಿ ಕೆಲಸಕ್ಕೂ ಬೇರೆ ಕಂಪನಿಯಲ್ಲಿ ಅಂಥದೇ ಕೆಲಸ ಹುಡುಕಿ, ಅಲ್ಲಿನ ಸಂಬಳವನ್ನು ಪಟ್ಟಿಯಲ್ಲಿ ಪಕ್ಕಕ್ಕೆ ಬರೆಯುವುದು ಅವರ ಉದ್ಯೋಗ. 'ಹುದ್ದೆ ಹೆಸ್ರು ನೋಡ್ಬೇಡಿ ಮಾರಾಯ್ರೆ, ಕೈ ಏನು ಮಾಡ್ತದೆ ನೋಡಿ' ಎನ್ನುತ್ತ ತೋಟದ ಹಾಜರಿ, ಲೆಕ್ಕ ಬರೆಯುವ ರೈಟರ ಬೆನ್ನ ಹಿಂದೆ ದಿನವಿಡೀ ನಿಲ್ಲುತ್ತಾರೆ. ಅವರ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಜವಾನನೂ ಮ್ಯಾನೇಜರರ ಫೈಲು ಹಿಡಿದು ಓಡಾಡುತ್ತಾನೆ. ಮದುವೆ ಮನೆಯಲ್ಲೂ ಅಡುಗೆಯವರನ್ನು ಬಿಡುವುದಿಲ್ಲ: 'ನೀವು ಬಡಿಸೋದೂ ಉಂಟಾ? ಹಾಗಾದ್ರೆ ನಿಮ್ ಕೆಲ್ಸವೇ ಬೇರೆ.' ವರ್ಷಕ್ಕೊಮ್ಮೆ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಕೂತು, ಮೂಡಿಗೆರೆಯ ಕಂಪನಿಯೊಂದರಲ್ಲಿ ಇದೇ ಕೆಲಸ ಮಾಡುವ ಗಣಪಯ್ಯನವರೊಂದಿಗೆ ಪಟ್ಟಿ ಬದಲಾಯಿಸಿಕೊಳ್ಳುತ್ತಿದ್ದರು. ಅಲ್ಲಿ ಏರಿಲ್ಲವೆಂದು ಪರಮೇಶ್ವರಪ್ಪ ನಮ್ಮ ಸಂಬಳವನ್ನು ಏರದಂತೆ ತಡೆಯುತ್ತಿದ್ದರು, ಇಲ್ಲಿ ಏರಿಲ್ಲವೆಂದು ಗಣಪಯ್ಯ ಅಲ್ಲಿಯವರದನ್ನು. ಕಾಫಿ ಬೆಲೆ ಬಿದ್ದ ಮೇಲೆ ನಾಲ್ಕು ವರ್ಷ ಎರಡೂ ಕಡೆ ಯಾರ ಸಂಬಳವೂ ಅಲುಗಲಿಲ್ಲ. 'ಮಾರ್ಕೆಟ್ಟೇ ಏರಿಲ್ಲ, ನಾನೇನು ಮಾಡ್ಲಿ?' ಎನ್ನುವಾಗ ಅವರ ಮುಖದಲ್ಲಿ ಕಪಟವಿರಲಿಲ್ಲ. ಅವರ ಸಂಬಳವೂ ಅದೇ ಪಟ್ಟಿಯಲ್ಲಿತ್ತು. ಅದಕ್ಕೆ ಇಡೀ ಜಿಲ್ಲೆಯಲ್ಲಿ ಜೋಡಿಯೆಂದರೆ ಗಣಪಯ್ಯನವರೊಬ್ಬರೇ. ಕಳೆದ ವರ್ಷ ಗಣಪಯ್ಯ ತೀರಿಕೊಂಡರು. ಅವರ ಜಾಗಕ್ಕೆ ಆ ಕಂಪನಿ ಯಾರನ್ನೂ ತೆಗೆದುಕೊಳ್ಳಲಿಲ್ಲ. ಈ ಸಲದ ಪಟ್ಟಿಯಲ್ಲಿ ಪರಮೇಶ್ವರಪ್ಪನವರು ತಮ್ಮ ಹುದ್ದೆಯ ಪಕ್ಕದಲ್ಲಿ, ಅಲ್ಲಿನ ಸಂಬಳ ಬರೆಯುವ ಜಾಗದಲ್ಲಿ, ಸ್ಕೇಲು ಇಟ್ಟು, ಒಂದು ಗೀಟೆಳೆದಿದ್ದರು. ನಮ್ಮ ಮಾಲೀಕರು ಅದರ ಮೇಲೆ ಬೆರಳಿಟ್ಟು ಕೇಳಿದರು: 'ಈ ಕೆಲ್ಸಕ್ಕೆ ಅಲ್ಲೀಗ ಜನಾನೇ ಇಲ್ವಾ? ಆದ್ರೂ ಕಂಪನಿ ನಡೀತಾ ಉಂಟಾ?' ಪಟ್ಟಿಯ ವಿಷಯದಲ್ಲಿ ಎಂದೂ ಸುಳ್ಳು ಹೇಳದ ಪರಮೇಶ್ವರಪ್ಪ ಕನ್ನಡಕ ತೆಗೆದು ಒರೆಸಿಕೊಂಡು, 'ನಡೀತಾ ಉಂಟು ಸಾರ್' ಎಂದರು.