ಗ್ಯಾಡಿಸ್ ಒಪ್ಪಿಕೊಂಡ ದಿನ

ಅಲಾಂಜೊ ಗ್ಯಾಡಿಸ್‌ಗೆ ಅನುಮಾನ ಹುಟ್ಟುಗುಣ. ಹಾಲಿನ ಡಬ್ಬಿಯ ಮೇಲೆ ಅಚ್ಚಾದ ತಾರೀಖನ್ನೂ ನಂಬದೆ, ಒಮ್ಮೆ ಮೂಸಿ ನೋಡಿಯೇ ಕಾಫಿಗೆ ಸುರಿಯುವ ಆಸಾಮಿ. ಡೆಟ್ರಾಯಿಟ್ ಊರಿನ ಬಸ್ಸನ್ನು ತಲೆ ನರೆಯುವ ತನಕ ಓಡಿಸಿದವನು. ಹಿಂದಿನ ಸೀಟಿನಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಕನ್ನಡಿಯಲ್ಲಿ ನೋಡಿ ನೋಡಿಯೇ ಈ ರೋಗ ಅಂಟಿತು ಎಂದು ಕೆಲವರು ಹೇಳುತ್ತಿದ್ದರು. ಹೆಂಡತಿ ಅರ್ಲೀನ್ ಮಾತ್ರ ಒಪ್ಪುತ್ತಿರಲಿಲ್ಲ. "ಬಸ್ಸಿಂದ ಬಂದಿದ್ದಲ್ಲ ಕಣ್ರೀ ಇದು. ನಮ್ಮ ಮದುವೆ ದಿನ ಪಾದ್ರಿಗೇ 'ನಿಮ್ಮ ಲೈಸೆನ್ಸ್ ತೋರ್ಸಿ' ಅಂದ ಮಹಾರಾಯ!" ಎನ್ನುತ್ತಿದ್ದಳು.

ಆದರೆ ಅವನ ಅನುಮಾನದ ದೊಡ್ಡ ಪಾಲು ಮೀಸಲಾಗಿದ್ದದ್ದು ನಮ್ಮ ಊರಿನ ಬಾಸ್ಕೆಟ್‌ಬಾಲ್ ತಂಡಕ್ಕೆ. ಮೀಸಲಾಗದೆ ಏನು ಮಾಡೀತು? ವರ್ಷಗಟ್ಟಲೆ ಸೋತು ಸುಣ್ಣವಾದ ತಂಡ. ಹಾಗೆ ಸೋತವರಿಗೆ ಸಿಗುವ ಒಂದೇ ಒಂದು ಸಮಾಧಾನವೆಂದರೆ ಡ್ರಾಫ್ಟ್. ಹೊಸದಾಗಿ ಬರುವ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ದಿನ ಅದು. ಸೋತವರಿಗೆ ಮೊದಮೊದಲ ಸರದಿ ಸಿಗುವ ಸಾಧ್ಯತೆ ಹೆಚ್ಚು. ಆ ವರ್ಷ ಸರದಿ ಗೊತ್ತುಮಾಡಲು ಲಾಟರಿಯ ಚೆಂಡು ಎತ್ತಿದಾಗ ನಮಗೆ ಎರಡನೇ ಸರದಿ ಬಂತು. ಊರೆಲ್ಲ ಕುಣಿಯಿತು. ಗ್ಯಾಡಿಸ್ ಮಾತ್ರ ಮುಖ ಸಿಂಡರಿಸಿದ. "ಮುಚ್ಚಿದ ಕೋಣೇಲಿ ಚೆಂಡು ಎತ್ತಿ, ಆಮೇಲೆ ಟೀವೀಲಿ ಕಾರ್ಡ್ ತೋರಿಸ್ತಾರೆ. ನಾನೇನು ಕಿವಿ ಮೇಲೆ ಹೂ ಇಟ್ಕೊಂಡಿದೀನಾ? ಮೊದಲನೇದು ನಮಗೆ ಬರಬೇಕಿತ್ತು!"

ಇಂಥ ಮಾತೆಲ್ಲ ನಡೆಯುತ್ತಿದ್ದದ್ದು ಸೆವೆನ್ ಮೈಲ್ ರಸ್ತೆಯ ಒಡೆಸ್ಸಾಳ ಕ್ಷೌರದಂಗಡಿಯಲ್ಲಿ. ಅಪ್ಪನಿಂದ ಅಂಗಡಿಯ ಜೊತೆಗೆ ಅವಳು ಒಂದು ಕಟ್ಟಳೆಯನ್ನೂ ಪಡೆದಿದ್ದಳು. ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡವನು ಮಾತಾಡುವಾಗ ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ. ಬಟ್ಟೆ ಬಿಚ್ಚಿದ ಮೇಲೆ ಹರಿದು ತಿನ್ನಿ, ಕೇಳುವವರಿಲ್ಲ. ಡ್ರಾಫ್ಟ್‌ಗೆ ಮುಂಚಿನ ಶನಿವಾರ ಇಡೀ ಅಂಗಡಿ ಸೇರಿ, ತಂಡ ಏನು ಮಾಡಬೇಕೆಂದು ಕೈ ಎತ್ತಿ ತೀರ್ಮಾನ ಮಾಡುವುದು, ಒಡೆಸ್ಸಾ ಅದನ್ನು ರೇಡಿಯೋದ ಆಟದ ಕಾರ್ಯಕ್ರಮಕ್ಕೆ ಫೋನ್ ಮಾಡಿ ಹೇಳುವುದು. ತಂಡದವರು ಕೇಳುತ್ತಿದ್ದರೋ ಬಿಡುತ್ತಿದ್ದರೋ, ನಮಗೆ ಅದು ಚುನಾವಣೆಗಿಂತ ಹೆಚ್ಚು.

ಅಲ್ಲಿ ಗ್ಯಾಡಿಸ್‌ನ ಎದುರಾಳಿ ರೂಫಸ್ ಮಿಂಟರ್. ಕಾರು ಕಾರ್ಖಾನೆಯಲ್ಲಿ ಬಣ್ಣ ಹೊಡೆಯುತ್ತಿದ್ದವನು, ಚರ್ಚಿನಲ್ಲಿ ಡೀಕನ್, ಅಂದರೆ ಪಾದ್ರಿಯ ಬಲಗೈ. ಎಲ್ಲರೂ ಅವನನ್ನು ಡೀಕನ್ ಎಂದೇ ಕರೆಯುತ್ತಿದ್ದರು. ಇಬ್ಬರೂ ಒಂದೇ ಶಾಲೆಯ ಬೆಂಚಿನವರು. ಅಂದಿನಿಂದಲೂ ಡೀಕನ್‌ನದು ಒಂದೇ ಪಲ್ಲವಿ: "ಹುಡುಗನ್ನ ಆರಿಸ್ರಪ್ಪಾ, ಬೆಳೆಸ್ರಿ, ಕಾಯ್ರಿ." ಗ್ಯಾಡಿಸ್‌ನದೂ ಒಂದೇ: "ಮೀಸೆ ಮೂಡದ ಹುಡುಗನ್ನ ನಂಬಿ ಕೂರ್ಬೇಡಿ. ಆ ಸರದಿ ಬೇರೆಯವರಿಗೆ ಕೊಟ್ಟು, ಪಳಗಿದ ಆಟಗಾರನ್ನ ತನ್ನಿ, ಈಗಲೇ ಗೆಲ್ಲಿ." ಇದೇ ಜಗಳವನ್ನು ಅವರು ಕೂದಲು ಕಪ್ಪಗಿದ್ದಾಗ ಶುರು ಮಾಡಿದ್ದರು. ಒಬ್ಬ ಒಮ್ಮೆಯಾದರೂ ಇನ್ನೊಬ್ಬನ ಮಾತಿಗೆ ಹೂಂ ಅಂದದ್ದನ್ನು ನಾವ್ಯಾರೂ ಕಂಡಿರಲಿಲ್ಲ.

ಆ ಜೂನ್‌ನಲ್ಲಿ ಎರಡನೇ ಸರದಿಗೆ ಸಿಗಬಹುದಾಗಿದ್ದವನು ಡೆಶಾನ್ ಕ್ವಾರ್ಲ್ಸ್, ಅಲಬಾಮಾದ ಹದಿಹರೆಯದ ಹುಡುಗ, ತೆಂಗಿನ ಮರದಷ್ಟು ಉದ್ದ. ಆ ಸರದಿಗೆ ಬದಲಾಗಿ ಪಶ್ಚಿಮದ ಒಂದು ತಂಡ ವೆಂಡೆಲ್ ಸ್ಟ್ರೋಡರ್ ಎಂಬ ಹಳೇ ಹುಲಿಯನ್ನು ಕೊಡಲು ಸಿದ್ಧವಿದೆ ಎಂಬ ಸುದ್ದಿ ಹಬ್ಬಿತ್ತು. ಕೈ ಎತ್ತುವ ಶನಿವಾರ ಇನ್ನೂ ದೂರವಿದ್ದಾಗಲೇ ಒಂದು ದಿನ ಡೀಕನ್ ಕುರ್ಚಿ ಹತ್ತಿ ಬಟ್ಟೆ ಕಟ್ಟಿಸಿಕೊಂಡ. ತಲೆಯ ಟೋಪಿ ತೆಗೆಯದೆ, ಗಡ್ಡ ಮಾತ್ರ ಸರಿಮಾಡು ಎಂದ. ಆಮೇಲೆ ಹೇಳಿದ: "ಆ ಹುಡುಗ ಬೇಡ. ಸ್ಟ್ರೋಡರ್‌ನ ತಂದ್ಬಿಡ್ಲಿ. ಈ ವರ್ಷಾನೇ ಗೆಲ್ಲೋಣ."

ಅಂಗಡಿಯವರೆಲ್ಲ ಗ್ಯಾಡಿಸ್ ಕಡೆ ತಿರುಗಿದರು. ಬೇರೆ ಯಾರಾದರೂ ಆಗಿದ್ದರೆ, ಜೀವಮಾನದ ಜಗಳ ಗೆದ್ದೆ ಎಂದು ಸಿಹಿ ಹಂಚುತ್ತಿದ್ದರು. ಗ್ಯಾಡಿಸ್‌ನ ಕಿವಿ ನೆಟ್ಟಗಾಯಿತು, ಅಷ್ಟೇ. ಇದರಲ್ಲಿ ಏನೋ ಇದೆ. ನನ್ನ ಮಾತನ್ನೇ ಇವನು ಆಡುತ್ತಿದ್ದಾನೆಂದರೆ ಎಲ್ಲೋ ಬಲೆ ಬೀಸಿದ್ದಾನೆ! ಡೀಕನ್‌ನ ಕೊರಳ ಬಟ್ಟೆ ಬಿಚ್ಚುತ್ತಿದ್ದ ಹಾಗೇ ಎದ್ದು ನಿಂತು ಕೂಗಿದ: "ಹುಡುಗನ್ನ ಬಿಡಬಾರದು! ಕ್ವಾರ್ಲ್ಸ್‌ನ ಆರಿಸಿ, ಕಾಯಲಿ!" ತನ್ನ ಬಾಯಿಂದ 'ಕಾಯಲಿ' ಎಂಬ ಪದ ಬಂದದ್ದಕ್ಕೆ ಅವನಿಗೇ ಕಸಿವಿಸಿಯಾಯಿತು. ಆದರೂ ಪಟ್ಟು ಬಿಡಲಿಲ್ಲ.

ಅಂದಿನಿಂದ ಪತ್ತೇದಾರಿ ಶುರು. ಡೀಕನ್‌ನ ತಂಗಿಯ ಮಗ ತಂಡದ ಆಟದ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದ. ಅವನು ಒಳಗಿನ ಸುದ್ದಿ ಊದಿರಬೇಕು ಎಂಬುದು ಗ್ಯಾಡಿಸ್‌ನ ಮೊದಲ ಲೆಕ್ಕಾಚಾರ. ತಂಡದವರು ಆಗಲೇ ಸ್ಟ್ರೋಡರ್‌ನನ್ನು ಕೊಂಡಿದ್ದಾರೆ, ಜನರ ಬಾಯಿ ಮುಚ್ಚಿಸಲು ಡೀಕನ್‌ನಂಥ ಮಾನವಂತರನ್ನು ಹಿಡಿದಿದ್ದಾರೆ ಎಂಬುದು ಎರಡನೆಯದು. ಮತ್ತೆ ಆ ಟೋಪಿ! ಚರ್ಚಿನ ಡೀಕನ್, ಸೂರಿನ ಕೆಳಗೆ ಟೋಪಿ ತೆಗೆಯದವನನ್ನು ಕಂಡರೆ ಗದರುತ್ತಿದ್ದವನು, ಈಗ ತಾನೇ ತೆಗೆಯುವುದಿಲ್ಲ. ಮೊದಲು ಕೋನಿ ಡಾಗ್ ಎಂಬ ಮಾಂಸದ ಬನ್ನು ಎರಡು ನುಂಗಿ ಈರುಳ್ಳಿ ಇನ್ನಷ್ಟು ಹಾಕು ಎನ್ನುತ್ತಿದ್ದವನು ಈಗ ಒಂದನ್ನು ಕಚ್ಚಿ ಕಾಗದದಲ್ಲಿ ಸುತ್ತಿಡುತ್ತಾನೆ. ಪ್ರತಿ ಮಂಗಳವಾರ ಎಲ್ಲಿಗೋ ಮಾಯ. ಕೇಳಿದರೆ, "ಸ್ವಲ್ಪ ಕೆಲಸ ಇತ್ತು ಕಣೋ."

ಗ್ಯಾಡಿಸ್ ಒಡೆಸ್ಸಾಳನ್ನು ಒಂಟಿಯಾಗಿ ಹಿಡಿದ. "ನಿಂಗೆ ಗೊತ್ತು. ಡೀಕನ್ ಏನು ಮಸಲತ್ತು ಮಾಡ್ತಿದಾನೆ?"

ಅವಳು ಕತ್ತರಿ ಒರೆಸುತ್ತಾ ಕಣ್ಣು ತಪ್ಪಿಸಿದಳು. "ಒಬ್ರ ತಲೆ ವಿಷಯ ಇನ್ನೊಬ್ರಿಗೆ ಹೇಳಿದ್ರೆ ನಾನು ಅಂಗಡಿ ಮುಚ್ಕೋಬೇಕಾಗುತ್ತೆ, ಮಿಸ್ಟರ್ ಗ್ಯಾಡಿಸ್. ಸುಮ್ನೆ ಹೋಗಿ ಅತ್ಲಾಗೆ."

ಸರಿ ಹೋಯಿತು! ಇವಳೂ ಸೇರಿದ್ದಾಳೆ ಎಂದುಕೊಂಡ.

ಮುಂದಿನ ಮಂಗಳವಾರ ಬೆಳಿಗ್ಗೆ ಗ್ಯಾಡಿಸ್ ತನ್ನ ಹಳೇ ಕಾರಿನಲ್ಲಿ, ಡೀಕನ್ ಹತ್ತಿದ ಬಸ್ಸಿನ ಬೆನ್ನು ಹತ್ತಿದ. ಆ ದಾರಿ ಅವನ ಅಂಗೈ ಗೆರೆ. ಬಸ್ಸು ವುಡ್‌ವರ್ಡ್ ರಸ್ತೆ ಹಿಡಿದು ಪೇಟೆ ಕಡೆ ಇಳಿಯಿತು. ಆಟದ ಮನೆಯ ನಿಲ್ದಾಣ ಬರಲಿ, ಕಳ್ಳನನ್ನು ಮುದ್ದೆಮಾಲಿನ ಸಮೇತ ಹಿಡಿಯುತ್ತೇನೆ ಎಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದ. ಆದರೆ ಬಸ್ಸು ಅದಕ್ಕೂ ಮೊದಲೇ ದೊಡ್ಡಾಸ್ಪತ್ರೆಯ ಮುಂದೆ ನಿಂತಿತು.

ನಿಂತದ್ದಷ್ಟೇ ಅಲ್ಲ. ಬುಸ್ ಎಂದು ಗಾಳಿ ಬಿಟ್ಟು, ಮುಂದಿನ ಮೂಲೆಯನ್ನು ಫುಟ್‌ಪಾತಿನ ಮಟ್ಟಕ್ಕೆ ತಗ್ಗಿಸಿತು. ಬಸ್ಸು ಮಂಡಿಯೂರುವುದು ಎನ್ನುತ್ತಾರೆ ಚಾಲಕರು. ಊರುಗೋಲಿನವರಿಗೆ, ಮೆಟ್ಟಿಲು ಇಳಿಯಲಾರದವರಿಗೆ ಮಾತ್ರ ಮಾಡುವ ಕೆಲಸ ಅದು. ಯಾವುದೋ ಮುದುಕಿ ಇರಬೇಕೆಂದು ಗ್ಯಾಡಿಸ್ ಕತ್ತು ಚಾಚಿದ. ಇಳಿದವನು ಡೀಕನ್. ಕಂಬಿ ಹಿಡಿದು ಒಂದು ಕಾಲಿಟ್ಟ, ನಿಂತ, ಉಸಿರು ಎಳೆದುಕೊಂಡ, ಇನ್ನೊಂದು ಕಾಲಿಟ್ಟ. ಗಾಳಿ ಬೀಸಿ ಟೋಪಿ ಹಾರಿತು. ಅವನು ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಗ್ಯಾಡಿಸ್ ಆ ತಲೆಯನ್ನು ನೋಡಿಬಿಟ್ಟ. ಬೋಳಿಸಿದ ತಲೆಯಲ್ಲ ಅದು; ಉದುರಿದ ತಲೆ. ಡೀಕನ್ ಟೋಪಿ ಹಾಕಿಕೊಂಡು ಕ್ಯಾನ್ಸರ್ ವಿಭಾಗದ ಬಾಗಿಲಿನೊಳಗೆ ಹೋದ.

ಗ್ಯಾಡಿಸ್ ಬಸ್ಸಿನ ಹಿಂದೆಯೇ ಕೊನೆಯ ನಿಲ್ದಾಣಕ್ಕೆ ಹೋದ. ಚಾಲಕಿ ಟಮೀಕಾ, ಅವನೇ ಕೆಲಸ ಕಲಿಸಿದ ಹುಡುಗಿ.

"ಯಾವಾಗಿಂದ?" ಎಂದ.

ಅವಳಿಗೆ ಕೂಡಲೇ ತಿಳಿಯಿತು. "ಹಿಮ ಕರಗೋಕೆ ಮುಂಚೆಯಿಂದ, ಮಿಸ್ಟರ್ ಜಿ. ವಾಪಸ್ ಹತ್ತೋವಾಗ ಇನ್ನೂ ಕಷ್ಟ ಪಡ್ತಾರೆ. ಅವರು ಯಾವತ್ತೂ ಕೇಳಿಲ್ಲ. ಜನ ಬಾಯಿಬಿಟ್ಟು ಕೇಳೋ ತನಕ ಕಾಯ್ಬೇಡ, ನೀನೇ ಬಸ್ ಬಗ್ಗಿಸು ಅಂತ ನೀವೇ ತಾನೇ ಹೇಳ್ಕೊಟ್ಟಿದ್ದು?"

ಗ್ಯಾಡಿಸ್ ಕಾರಿಗೆ ಮರಳಿ ಕೂತ. ಹುಡುಗ ಬೆಳೆದು ದೊಡ್ಡ ಆಟಗಾರನಾಗಲು ವರ್ಷಗಳು ಬೇಕು. ಡೀಕನ್‌ಗೆ ಅಷ್ಟು ಕಾಲ ಇಲ್ಲ, ಅದಕ್ಕೇ ಸ್ಟ್ರೋಡರ್. ಇಷ್ಟು ಸರಳ ವಿಷಯ. ಥೂ, ನನ್ನ ಜನ್ಮಕ್ಕಿಷ್ಟು, ಸ್ನೇಹಿತನ ಕಾಯಿಲೆಯಲ್ಲೂ ಕಳ್ಳತನ ಹುಡುಕಿದೆನಲ್ಲ ಎಂದು ಹಣೆ ಚಚ್ಚಿಕೊಂಡ. ಅತ್ತನೋ ಇಲ್ಲವೋ ಅರ್ಲೀನ್‌ಗೇ ಗೊತ್ತು. ಅಂದು ಏನನ್ನೂ ಮೂಸದೆ ಊಟ ಮಾಡಿದ ಎಂದಷ್ಟೇ ಅವಳು ನಮಗೆ ಹೇಳಿದ್ದು.

ಡ್ರಾಫ್ಟ್‌ಗೆ ಮುಂಚಿನ ಶನಿವಾರ ಬಂತು. ಒಡೆಸ್ಸಾಳ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಡೀಕನ್ ಕುರ್ಚಿ ಏರಿ ಹೇಳಿದ: "ಕಾಯೋರು ಕಾಯ್ಲಿ, ಬೇಡ ಅನ್ನಲ್ಲ. ಆದ್ರೆ ಕಪ್ ಎತ್ತೋದನ್ನ ಇನ್ನೊಂದ್ಸಲ ಕಣ್ಣಾರೆ ನೋಡ್ಬೇಕು ಅನ್ನೋರೂ ಇದೀವಿ ಇಲ್ಲಿ." ಕೈ ಎತ್ತಿಸಿದರೆ ಎರಡೂ ಕಡೆ ಸಮ ಸಮ. ಉಳಿದವನು ಗ್ಯಾಡಿಸ್ ಒಬ್ಬನೇ. ಎಲ್ಲರಿಗೂ ಗೊತ್ತು, ಅವನು ಹುಡುಗನ ಕಡೆ. ಒಡೆಸ್ಸಾ ಆಗಲೇ ಫೋನು ಕೈಗೆತ್ತಿಕೊಂಡಿದ್ದಳು.

ಗ್ಯಾಡಿಸ್ ಕೂತ. ಕೊರಳಿಗೆ ಬಟ್ಟೆ ಬಿತ್ತು. ಕನ್ನಡಿಯಲ್ಲಿ ಡೀಕನ್‌ನ ಮುಖ ಕಾಣುತ್ತಿತ್ತು. ಬಯ್ಗುಳಕ್ಕೆ ಸಿದ್ಧನಾಗಿ, ತುಟಿಯಂಚಿನಲ್ಲಿ ನಗು ಇಟ್ಟುಕೊಂಡು ಕಾಯುತ್ತಿದ್ದ.

"ಡೀಕನ್ ಹೇಳಿದ್ದೇ ಸರಿ," ಎಂದ ಗ್ಯಾಡಿಸ್. "ಸ್ಟ್ರೋಡರ್‌ನ ತರಲಿ."

ಕಟ್ಟಳೆ ಗಿಟ್ಟಳೆ ಎಲ್ಲ ಗಾಳಿಗೆ ಹೋಯಿತು. "ಏನ್ ಹಾಕ್ದೆ ಒಡೆಸ್ಸಾ ಕಾಫಿಗೆ?" ಎಂದ ಒಬ್ಬ. "ಡೀಕನ್ ಏನು ಆಸೆ ತೋರಿಸ್ದ? ಇದ್ರಲ್ಲಿ ಏನೋ ಇದೆ ಕಣ್ರೋ!" ಎಂದ ಇನ್ನೊಬ್ಬ. ಜೀವನವಿಡೀ ಎಲ್ಲರನ್ನೂ ಅನುಮಾನಿಸಿದವನನ್ನು ಅಂದು ಅಂಗಡಿಗೆ ಅಂಗಡಿಯೇ ಅನುಮಾನಿಸಿತು. ಗ್ಯಾಡಿಸ್ ಅದನ್ನೆಲ್ಲ ಲೆಕ್ಕಕ್ಕೇ ಇಡಲಿಲ್ಲ. ಅವನು ಕನ್ನಡಿ ನೋಡುತ್ತಿದ್ದ. ಡೀಕನ್‌ನ ನಗು ಆರಿಹೋಗಿತ್ತು. ಅವನು ಎದ್ದು, ಗೋಡೆ ಹಿಡಿದು, ಹೊರಗೆ ನಡೆದ.

ಗ್ಯಾಡಿಸ್ ಕೊರಳ ಬಟ್ಟೆಯಲ್ಲೇ ಹಿಂದೆ ಓಡಿದ. ಬಸ್ ನಿಲ್ದಾಣದ ಬೆಂಚಿನ ಬಳಿ ಡೀಕನ್ ತಿರುಗಿ ನಿಂತ.

"ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ. ನಿಂಗೋಸ್ಕರ ಬಸ್ ಬಗ್ಗಿದ್ದು ನೋಡ್ದೆ."

"ನನ್ನ ಹಿಂದೆ ಬಿದ್ದಿದ್ಯಾ?"

"ಹೂಂ. ಆಟದ ಮನೆಗೆ ಹೋಗ್ತೀಯ ಅನ್ಕೊಂಡೆ."

ಡೀಕನ್‌ಗೆ ನಗು ಬಂದು ಅರ್ಧದಲ್ಲೇ ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವನ ದನಿ ಬೇರೆಯಾಗಿತ್ತು. "ಕೇಳು ಅಲಾಂಜೊ. ಈಗ ನಾನು ಏನಂದ್ರೂ ಹೆಂಡ್ತಿ ಹೂಂ ಅಂತಾಳೆ. ಮಕ್ಕಳು ಹೂಂ ಅಂತಾರೆ. ಚರ್ಚಲ್ಲಿ ವಾಕ್ಯ ತಪ್ಪು ಓದಿದ್ರೂ ಆಮೆನ್ ಅಂತಾರೆ ಕಣೋ! ನನ್ ಜೊತೆ ಜಗಳ ಆಡೋಕೆ ಅಂತ ನೀನೊಬ್ಬ ಉಳಿದಿದ್ದೆ. ಆ ಅಂಗಡಿಗೆ ಬಂದಾಗ ಮಾತ್ರ ನಾನು ಹುಷಾರಾಗಿದೀನಿ ಅನಿಸ್ತಿತ್ತು. ಇವತ್ತು ಆ ಕುರ್ಚೀಲಿ ಕೂತು ನೀನೂ ಒಪ್ಕೊಂಡೆ. ಅಂದ್ರೆ ನಾನು ಸತ್ತೆ ಅಂತ ತಾನೇ?"

ಗ್ಯಾಡಿಸ್ ಕೊರಳ ಬಟ್ಟೆ ಬಿಚ್ಚಿ ಕೈಯಲ್ಲಿ ಮುದುಡಿ ಹಿಡಿದ. ಒಳ್ಳೆಯದು ಮಾಡಲು ಹೋಗಿ ಗೆಳೆಯನ ಕೊನೆಯ ಆಸರೆಯನ್ನೇ ಕಿತ್ತುಕೊಂಡಿದ್ದ. ಡೀಕನ್ ಅವನ ಜೊತೆ ಬೆಂಚಿನಲ್ಲಿ ಕೂರಲೂ ಒಪ್ಪದೆ, ಬಿಸಿಲಲ್ಲೇ ನಿಧಾನವಾಗಿ ನಡೆದುಹೋದ.

ಡ್ರಾಫ್ಟ್ ಆಯಿತು. ನಮ್ಮ ತೀರ್ಮಾನವನ್ನು ತಂಡದವರು ಎಂದಿನಂತೆ ಕಸದ ಬುಟ್ಟಿಗೆ ಹಾಕಿ ಹುಡುಗನನ್ನೇ ಆರಿಸಿದರು. ಸ್ಟ್ರೋಡರ್ ಬೇರೆ ಊರಿನ ಪಾಲಾದ. ಈ ವರ್ಷ ಕಪ್ಪೂ ಇಲ್ಲ, ಗಿಪ್ಪೂ ಇಲ್ಲ.

ಅದರ ಮುಂದಿನ ಮಂಗಳವಾರ ಬೆಳಿಗ್ಗೆ ಡೀಕನ್ ನಿಲ್ದಾಣಕ್ಕೆ ಬಂದಾಗ ಗ್ಯಾಡಿಸ್ ಬೆಂಚಿನ ಮೇಲೆ ಕೂತಿದ್ದ. ಹೇಗಿದ್ದೀಯ ಎನ್ನಲಿಲ್ಲ, ಕ್ಷಮಿಸು ಎನ್ನಲೂ ಇಲ್ಲ. ಅವನನ್ನು ಕಂಡದ್ದೇ ತಡ, ಕಿರುಚಿದ: "ನೋಡಿದ್ಯಾ ಆ ಕ್ವಾರ್ಲ್ಸ್‌ನ ಕಣಕಾಲ್ನ? ಕಡ್ಡಿ! ಕಾಗದದ ಕಡ್ಡಿ! ಕ್ರಿಸ್‌ಮಸ್‌ಗೆ ಮುಂಚೆ ಮುರ್ಕೋತಾನೆ. ಡಾಕ್ಟರ್ ವರದಿ ಯಾಕೆ ಹೊರಗೆ ಬಿಡ್ಲಿಲ್ಲ, ಹೇಳು ನೋಡೋಣ? ಮುಚ್ಚಿಟ್ಟಿದಾರೆ!"

ಡೀಕನ್ ಅವನನ್ನೇ ನೋಡಿದ. ಇದು ನಾಟಕವೇ, ಕನಿಕರವೇ ಎಂದು ಈಗ ಅನುಮಾನಿಸುವ ಸರದಿ ಅವನದು. ಗ್ಯಾಡಿಸ್‌ನ ಕತ್ತಿನ ನರ ನಿಜವಾಗಿಯೂ ಉಬ್ಬಿತ್ತು. ಅಷ್ಟು ಸಾಕಾಯಿತು.

"ಹುಡುಗ ಕಣೋ ಅವನು, ಮೈ ತುಂಬ್ಕೊಳ್ತಾನೆ," ಎಂದ ಡೀಕನ್, ಬೆಂಚಿನ ಮೇಲೆ ಕೂರುತ್ತಾ. "ನಿಂಗೆ ಯಾವತ್ತು ತಾಳ್ಮೆ ಇತ್ತು? ಮೂರು ವರ್ಷ ಕಾಯಿ, ನೋಡ್ತಿರು."

"ನಂಬಲ್ಲ."

"ನಂಬ್ಬೇಡ ಹೋಗು."

"ಮೂರು ವರ್ಷ ಆದ್ಮೇಲೆ ಒಡೆಸ್ಸಾ ಕುರ್ಚೀಲಿ ನೀನೇ ಬಂದು ಕೂತು, 'ನೋಡ್ದ್ಯಾ, ನಾನು ಹೇಳಿದ್ದೇ ಆಯ್ತು' ಅಂತ ಹೇಳ್ಬೇಕು. ಆಗ ನಂಬ್ತೀನಿ. ಬೇರೆ ಯಾರು ಹೇಳಿದ್ರೂ ನಂಬಲ್ಲ."

ಡೀಕನ್ ಟೋಪಿಯನ್ನು ಸರಿಮಾಡಿಕೊಂಡು ರಸ್ತೆ ಕಡೆ ನೋಡಿದ.

ಬಸ್ಸು ಬಂತು. ಟಮೀಕಾ ಬಾಗಿಲು ತೆರೆದು, ಯಾರೂ ಕೇಳದೆಯೇ ಬಸ್ಸನ್ನು ಬಗ್ಗಿಸಿದಳು. ಡೀಕನ್ ಕಂಬಿ ಹಿಡಿದು ಒಂದೊಂದೇ ಕಾಲು ಎತ್ತಿ ಒಳಗೆ ಹೋಗಿ ಕೂರುವ ತನಕ, ಗ್ಯಾಡಿಸ್ ಅವನ ಹಿಂದೆ ನಿಂತು ಆ ಹುಡುಗನ ಕಣಕಾಲನ್ನು ಬಯ್ಯುತ್ತಲೇ ಇದ್ದ.