ಸುಲ್ತಾನನ ಕಾವಲು

ಬೆಕ್ಕು ನೋಡಿಕೊಳ್ಳುವುದೆಂದರೆ ಹೊತ್ತಿಗೆ ಸರಿಯಾಗಿ ಅನ್ನ ಹಾಕಿದರಾಯಿತು ಎಂದುಕೊಂಡದ್ದೇ ವೇಣೂರಿನ ಸೇಸಮ್ಮ ಮಾಡಿದ ತಪ್ಪು. ಮನೆಯಲ್ಲಿ ಬಿದ್ದುಕೊಂಡಿರುವ ಬೆಕ್ಕಾದರೆ ಸರಿ. ಆಯಿಶಮ್ಮನ ಸುಲ್ತಾನನ ಕಾಲಿಗೆ ಚಕ್ರ ಕಟ್ಟಿತ್ತು. ಗದ್ದೆ, ಬೇಲಿ, ಯಾರದೋ ಹಟ್ಟಿ, ಇನ್ಯಾರದೋ ಮನೆಯ ಹಂಚಿನ ಮಾಡು. ಮನೆ ಎಂಬುದು ಆ ದರಿದ್ರದ್ದಕ್ಕೆ ತಿಂದು ಮೂತಿ ನೆಕ್ಕಿಕೊಳ್ಳುವ ಜಾಗ ಮಾತ್ರ.

ಅದು ತೊಂಬತ್ತೆಂಟರ ಬೇಸಿಗೆ. ಪಕ್ಕದ ಮನೆಯ ಆಯಿಶಮ್ಮ ಗಂಡನೊಟ್ಟಿಗೆ ಹಜ್‌ಗೆ ಹೊರಟಿದ್ದರು. ಹಜ್‌ಗೆ ಹೋಗುವವರು ನೆರೆಕರೆಯ ಮನೆಮನೆಗೆ ಬಂದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಮಾಫಿ ಕೇಳಿಯೇ ಹೊರಡುವುದು. ಜಗಲಿಯಲ್ಲಿ ಬೀಡಿ ಕಟ್ಟುತ್ತ ಕೂತಿದ್ದ ಸೇಸಮ್ಮನ ಕೈ ಹಿಡಿದು ಆಯಿಶಮ್ಮ ಅತ್ತೇಬಿಟ್ಟರು. ಮಾಫಿ ಕೇಳುವಂಥದ್ದು ನಮ್ಮೊಳಗೆ ಎಂಥದ್ದೂ ಇಲ್ಲ, ಹೋಗಿ ಬನ್ನಿ ಎಂದಳು ಸೇಸಮ್ಮ. ಆಗಲೇ ಆಯಿಶಮ್ಮ ಬೆಕ್ಕಿನ ಮಾತೆತ್ತಿದ್ದು. ಸಾಕಿದ ಪ್ರಾಣಿ ಇಲ್ಲಿ ಹಸಿದುಕೊಂಡಿದ್ದರೆ ತನ್ನ ಹಜ್ ಹಜ್ಜೇ ಅಲ್ಲ, ಸುಲ್ತಾನ ನಿಮ್ಮ ಕೈಯಲ್ಲಿ ಎಂದರು. ಅಂಥ ಹೊತ್ತಿನಲ್ಲಿ ಯಾರು ತಾನೇ ಆಗುವುದಿಲ್ಲ ಎನ್ನುತ್ತಾರೆ?

ಆ ಬೇಸಿಗೆಯಲ್ಲಿ ಸೇಸಮ್ಮನ ಮನಸ್ಸಿನಲ್ಲಿದ್ದದ್ದು ಒಂದೇ, ವಾರಿಜಳ ಮದುವೆ. ತೀರಿಹೋದ ಅಕ್ಕನ ಮಗಳು, ಚಾರ್ಮಾಡಿಯಲ್ಲಿ ತಂದೆಯ ಮನೆಯಲ್ಲಿದ್ದಳು. ಮದುವೆಯ ಮುನ್ನಾದಿನ ಅವಳ ಕೈಗೆ ಮೊದಲ ಮದರಂಗಿ ಇಡಬೇಕಾದವಳು ಸೇಸಮ್ಮ. ಮೊದಲೇ ಮಾತಾಗಿತ್ತು.

ಅಷ್ಟರವರೆಗೆ ಸುಲ್ತಾನ ಅವಳನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ. ಮತ್ತಿ ಮೀನಿನ ತಲೆ ಕಲಸಿದ ಅನ್ನ ಒಣಗುತ್ತಿತ್ತು, ಬೆಕ್ಕಿನ ಸುಳಿವಿಲ್ಲ. ಬೀಡಿಯ ಗೆರಸೆ ಬದಿಗಿಟ್ಟು ಸೇಸಮ್ಮ ಗದ್ದೆಯ ಅಂಚಿನಲ್ಲಿ ಗಂಟಲು ಹರಿಯುವಂತೆ ಸುಲ್ತಾನ, ಸುಲ್ತಾನ ಎಂದು ಕೂಗಬೇಕು. ಮೀನಿನ ಮಮ್ಮು ಸೈಕಲ್ ನಿಲ್ಲಿಸಿ, ರಾಜ್ಯ ಬಿಟ್ಟು ಓಡಿಹೋದನಾ ಎಂದು ನಗುತ್ತಿದ್ದ. ಕೊನೆಗೆ ಸುಲ್ತಾನ ಹೊಟ್ಟೆ ತುಂಬಿದವನ ಹಾಗೆ ಬಂದು ಅನ್ನ ಮೂಸಿ ಹೋಗುತ್ತಿದ್ದ. ಸೇಸಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮದರಂಗಿಯ ಹಿಂದಿನ ದಿನ ಬೆಕ್ಕು ಬರಲೇ ಇಲ್ಲ. ಮರುದಿನವೂ ಇಲ್ಲ. ನಾಯಿ ಹಿಡಿಯಿತೋ, ಬಸ್ಸಿನಡಿಗೆ ಬಿತ್ತೋ? ಗಂಡ ಮುಂಡಪ್ಪ, ಬೆಕ್ಕಿಗಾಗಿ ಮದುವೆ ಬಿಡುವವರುಂಟಾ ಎಂದು ಬೈದು ಚಾರ್ಮಾಡಿಗೆಂದು ಒಬ್ಬನೇ ಬೆಳ್ತಂಗಡಿ ಬಸ್ಸು ಹತ್ತಿದ. ಸೀರೆ ಉಟ್ಟು ತಯಾರಾಗಿದ್ದ ಸೇಸಮ್ಮ ಅದೇ ಸೀರೆಯಲ್ಲಿ ತೋಡಿನ ಬದಿಯೆಲ್ಲ ಹುಡುಕಿದಳು. ಕೊಟ್ಟ ಮಾತು, ಅದೂ ಹಜ್‌ಗೆ ಹೋದವರಿಗೆ. ಸಂಜೆಯ ಬಸ್ಸೂ ಹೋಯಿತು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೋದಾಗ ವಾರಿಜಳ ಅಂಗೈ ಕೆಂಪಾಗಿತ್ತು. ಯಾರೋ ನೆರೆಮನೆಯವರು ಇಟ್ಟಿದ್ದರು.

"ನೀವು ಬರ್ತೀರಿ ಅಂತ ಕೈ ಚಾಚಿಕೊಂಡೇ ಕೂತಿದ್ದೆ, ಚಿಕ್ಕಮ್ಮ," ಎಂದಳು ಹುಡುಗಿ. ಬೆಕ್ಕಿನ ಕಥೆ ಎತ್ತದೆ ಸೇಸಮ್ಮ ಅವಳ ತಲೆಗೆ ಹೂ ಮುಡಿಸಿದಳು.

ಮದುವೆ ಮುಗಿಸಿ ಮರಳಿದರೆ ಸುಲ್ತಾನ ಜಗಲಿಯಲ್ಲಿ ಕಾಲು ಚಾಚಿ ಮಲಗಿದ್ದ!

ಆಯಿಶಮ್ಮ ಹಜ್ ಮುಗಿಸಿ ಬಂದ ದಿನ ಊರೇ ಅವರ ಜಗಲಿಯಲ್ಲಿತ್ತು. ಖರ್ಜೂರ ಹಂಚುತ್ತಿದ್ದರು. ಗದ್ದೆಯಾಚೆಯ ಡೊಂಬಯ್ಯ ಬೆಕ್ಕಿನ ಬೆನ್ನು ಸವರುತ್ತ, ನೀವು ವಹಿಸಿಕೊಟ್ಟದ್ದನ್ನು ಜೋಪಾನ ಮಾಡಿದ್ದೇನೆ, ದಿನಾ ಹಾಲನ್ನ ಹಾಕಿದ್ದೇನೆ, ನಾಯಿಗಳ ಕಾಟ ಅಂತ ಎರಡು ದಿನ ಕೋಣೆಯೊಳಗೇ ಕೂಡಿಟ್ಟಿದ್ದೆ ಎಂದು ಹೆಮ್ಮೆಯಿಂದ ಹೇಳಿದ.

ಯಾವ ಎರಡು ದಿನ ಎಂದು ಸೇಸಮ್ಮ ಕೇಳಬೇಕಾಗಲಿಲ್ಲ. ಅವರಿಗೂ ಹೇಳಿದ್ದಿರಾ ಎಂದಷ್ಟೇ ಆಯಿಶಮ್ಮನನ್ನು ಕೇಳಿದಳು. ತಿರುಗುವ ಬೆಕ್ಕಲ್ಲವಾ, ಇರಲಿ ಅಂತ ಇಬ್ಬರಿಗೂ ಹೇಳಿದೆ ಎಂದು ಆಯಿಶಮ್ಮ ನಕ್ಕರು. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ತಿಳಿಸಬೇಕೆಂದು ಅವರಿಗೆ ತೋಚಿರಲೇ ಇಲ್ಲ.

ಸೇಸಮ್ಮ ಕೈಯಲ್ಲಿದ್ದ ಖರ್ಜೂರವನ್ನು ತಟ್ಟೆಗೆ ವಾಪಸು ಹಾಕಿದಳು.

"ಹೋಗುವಾಗ ಮಾಫಿ ಕೇಳಿದಿರಿ ಆಯಿಶಮ್ಮ. ಆಗ ಎಂಥದ್ದೂ ಇರಲಿಲ್ಲ. ಈಗ ಉಂಟು."

ನಡೆದದ್ದೆಲ್ಲ ಕೇಳಿ ಆಯಿಶಮ್ಮನ ಮುಖ ಸಪ್ಪೆಯಾಯಿತು. ಎಲ್ಲರೆದುರೇ ಅವಳ ಕೈ ಹಿಡಿಯಲು ಬಂದರು. ಸೇಸಮ್ಮ ಕೈ ಹಿಂದೆ ತೆಗೆದುಕೊಂಡಳು.

"ನನ್ನ ಹತ್ತಿರ ಅಲ್ಲ. ನಾಳೆ ವಾರಿಜಳ ಹತ್ತಿರ ಹೋಗುವ. ನನಗೂ ಮಾಫಿ ಕೇಳ್ಲಿಕ್ಕುಂಟು."